ಹಿರಿಯ ಸೇನಾಧಿಕಾರಿ ತೊಟ್ಟ ಫ್ಲೈಟ್ ಜಾಕೆಟ್: ಕೊಳ್ಳುವ ಮುನ್ನ ಏನೇನು ನೋಡಬೇಕು?

"ಎರಡನೇ ಮಹಾಯುದ್ಧದಲ್ಲಿ ಜನರಲ್ ಒಬ್ಬರು ತೊಟ್ಟಿದ್ದ ಚರ್ಮದ ಜಾಕೆಟ್ ಮಾರಾಟಕ್ಕಿದೆ. ಹೆಗಲ ಮೇಲೆ ನಕ್ಷತ್ರಗಳಿವೆ, ಮಾರುವವರು ಪ್ರಮಾಣಪತ್ರವನ್ನೂ ಕೊಡುತ್ತಾರಂತೆ. ಕೊಳ್ಳಬಹುದೇ?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ ಇದ್ದಾರೆ, ಬೆಂಗಳೂರಿನಲ್ಲಿ ಕುಳಿತು ವಿದೇಶದ ಹರಾಜುಗಳನ್ನು ನೋಡುವವರೂ ಇದ್ದಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮಾರುಕಟ್ಟೆಗೆ ಹೆಚ್ಚಾಗಿ ಬರುವುದು ಅಮೆರಿಕದ ವಾಯುಪಡೆ ಮತ್ತು ನೌಕಾಪಡೆಯ ಜಾಕೆಟ್‌ಗಳಾದ್ದರಿಂದ ವಿವರಗಳೂ ಹೆಚ್ಚಾಗಿ ಅವುಗಳದ್ದೇ.

ಮೊದಲು ಒಂದು ಮಾತು. "ಜನರಲ್ ತೊಟ್ಟ ಜಾಕೆಟ್" ಎಂಬ ಹೇಳಿಕೆಯಲ್ಲಿ ಮೂರು ಪ್ರಶ್ನೆಗಳಿವೆ. ಜಾಕೆಟ್ ನಿಜವಾಗಿ ಆ ಕಾಲದ್ದೇ? ಅದರ ಮೇಲಿನ ಲಾಂಛನಗಳು ಆ ಕಾಲದಲ್ಲೇ ಅದಕ್ಕೆ ಹೊಲಿದವೇ? ಆ ವ್ಯಕ್ತಿ ಅದನ್ನು ತೊಟ್ಟಿದ್ದರೇ? ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ. 1942ರ ಅಸಲಿ ಜಾಕೆಟ್‌ಗೆ ಮೊನ್ನೆ ಮೊನ್ನೆ ನಕ್ಷತ್ರ ಚುಚ್ಚಿರಬಹುದು. ಈ ಕ್ಷೇತ್ರದಲ್ಲಿ ನಡೆಯುವ ಮೋಸದ ಬಹುಪಾಲು ಇದೇ ಬಗೆಯದು: ಬಟ್ಟೆ ಅಸಲಿ, ಕಥೆ ನಕಲಿ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ, ಇದೇ ಕ್ರಮದಲ್ಲಿ ಪರೀಕ್ಷಿಸಿ.

ಬೇಕಾಗುವ ಸಾಮಾನು

ಹತ್ತು ಪಟ್ಟು ಹಿಗ್ಗಿಸುವ ಮಸೂರ, ಅತಿನೇರಳೆ ಬೆಳಕಿನ ಪುಟ್ಟ ಟಾರ್ಚ್, ಹೊಲಿಗೆಯವರ ಮೆತ್ತನೆಯ ಅಳತೆ ಟೇಪು, ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್, ಒಂದು ನೋಟ್‌ಬುಕ್. ಇವೆಲ್ಲಕ್ಕಿಂತ ಮುಖ್ಯವಾದದ್ದು, ಒಂದಾದರೂ ಅಸಲಿ ಜಾಕೆಟ್ಟನ್ನು ಹತ್ತಿರದಿಂದ ನೋಡಿದ ಅನುಭವ. ಅಮೆರಿಕದಲ್ಲಿರುವವರು ಓಹಾಯೊ ರಾಜ್ಯದ ಡೇಟನ್‌ನಲ್ಲಿರುವ ಅಮೆರಿಕ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ, ಪ್ರವೇಶ ಉಚಿತ. ಬ್ರಿಟನ್ನಿನಲ್ಲಿರುವವರಿಗೆ ಲಂಡನ್ನಿನ ಹೆಂಡನ್‌ನಲ್ಲಿ ಆರ್‌ಎಎಫ್ ಮ್ಯೂಸಿಯಂ, ಅಂದರೆ ಅಲ್ಲಿನ ವಾಯುಪಡೆಯ ವಸ್ತುಸಂಗ್ರಹಾಲಯ, ಇದೆ.

ಹಂತ 1: ಯಾವ ಮಾದರಿ ಎಂದು ಗುರುತಿಸಿ

ನೀವು ಪದೇ ಪದೇ ಕೇಳುವ ಹೆಸರು ಎ-2. ಅಮೆರಿಕದ ಸೇನಾ ವಿಮಾನದಳ 1931ರ ಮೇ 9ರಂದು ಇದನ್ನು ತನ್ನ ಅಧಿಕೃತ ಜಾಕೆಟ್ ಎಂದು ಗೊತ್ತುಪಡಿಸಿತು. ಹೆಚ್ಚಿನವು ಕುದುರೆ ಚರ್ಮದವು. ಮುಂಭಾಗದಲ್ಲಿ ಜಿಪ್, ಅದರ ಹಿಂದೆ ಗಾಳಿ ತಡೆಯುವ ಚರ್ಮದ ಪಟ್ಟಿ, ಟಿಚ್ ಬಟನ್ನಿನಿಂದ ಕೂರುವ ಶರ್ಟಿನಂಥ ಕಾಲರ್, ಎರಡು ಮುಚ್ಚಳದ ಜೇಬು, ಹೆಗಲಪಟ್ಟಿ, ಮುಂಗೈಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆ. ಬೆನ್ನು ಒಂದೇ ತುಂಡು ಚರ್ಮ. ಜೇಬಿಗೆ ಪಕ್ಕದಿಂದ ಕೈ ತೂರಿಸುವ ಬಾಯಿ ಇರುವುದಿಲ್ಲ. ಹಾಗೆ ಇದ್ದರೆ ಅದು ಯುದ್ಧಕಾಲದ ಎ-2 ಅಲ್ಲ. 1943ರಲ್ಲಿ ವಾಯುದಳದ ಮುಖ್ಯಸ್ಥ ಜನರಲ್ ಹ್ಯಾಪ್ ಆರ್ನಾಲ್ಡ್ ಚರ್ಮದ ಜಾಕೆಟ್‌ಗಳ ಹೊಸ ಗುತ್ತಿಗೆಗಳನ್ನು ನಿಲ್ಲಿಸಿ ಬಟ್ಟೆಯ ಜಾಕೆಟ್‌ಗಳತ್ತ ತಿರುಗಿದರು. ಆದರೂ ಇದ್ದವರು ಬಿಡಲಿಲ್ಲ. ಯುದ್ಧ ಮುಗಿಯುವವರೆಗೂ, ಆನಂತರವೂ, ಇದನ್ನೇ ತೊಟ್ಟರು.

ಬಿ-3 ಎಂದರೆ ಒಳಗೆ ತುಪ್ಪಟವಿರುವ ಕುರಿ ಚರ್ಮದ ದಪ್ಪ ಜಾಕೆಟ್, ಎತ್ತರದಲ್ಲಿ ಹಾರುವ ಬಾಂಬರ್ ಸಿಬ್ಬಂದಿಗಾಗಿ ಮಾಡಿದ್ದು. ಬಿ-10 ಮತ್ತು ಬಿ-15 ಬಟ್ಟೆಯವು, ಕಾಲರ್‌ಗೆ ತುಪ್ಪಟ. ಎಂಎ-1 ಯುದ್ಧಾನಂತರದ ನೈಲಾನ್ ಜಾಕೆಟ್. ಕಿತ್ತಳೆ ಬಣ್ಣದ ಲೈನಿಂಗ್ ಅದಕ್ಕೆ ಇನ್ನೂ ಆಮೇಲೆ ಬಂದದ್ದು. ನೌಕಾಪಡೆಯ ಕಡೆ ಎಂ-422ಎ, ಅದರ ಉತ್ತರಾಧಿಕಾರಿ ಜಿ-1: ಮೇಕೆ ಚರ್ಮ, ತುಪ್ಪಟದ ಕಾಲರ್, ತೋಳು ಚಾಚಲು ಅನುಕೂಲವಾಗುವಂತೆ ಬೆನ್ನಿನಲ್ಲಿ ಮಡಿಕೆ. ಬ್ರಿಟನ್ನಿನ ಇರ್ವಿನ್ ಜಾಕೆಟ್ ಕುರಿ ಚರ್ಮದ್ದು. ಆರಂಭದವುಗಳಲ್ಲಿ ದೊಡ್ಡ ದೊಡ್ಡ ತುಂಡುಗಳಿವೆ; ಯುದ್ಧ ಮುಂದುವರಿದಂತೆ ಚರ್ಮ ಉಳಿಸಲು ಸಣ್ಣ ತುಂಡುಗಳನ್ನು ಜೋಡಿಸಿ ಹೊಲಿಯತೊಡಗಿದರು.

ಇಲ್ಲೊಂದು ಎಚ್ಚರಿಕೆ. ಅಮೆರಿಕದ ವಾಯುಪಡೆ 1980ರ ದಶಕದ ಕೊನೆಗೆ ಎ-2 ಜಾಕೆಟ್ಟನ್ನು ಮತ್ತೆ ಜಾರಿಗೆ ತಂದಿತು, ಈ ಸಲ ಮೇಕೆ ಚರ್ಮದಲ್ಲಿ. ಅದೂ ಅಸಲಿ ಸೇನಾ ವಸ್ತುವೇ, ಅದನ್ನು ತೊಟ್ಟ ಜನರಲ್‌ಗಳೂ ಇದ್ದಾರೆ. ಆದರೆ ಎರಡನೇ ಮಹಾಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಂತ 2: ಲೇಬಲ್ ಓದಿ, ಆದರೆ ಅದನ್ನೇ ನಂಬಬೇಡಿ

ಕಾಲರ್‌ನ ಕೆಳಗೆ ಒಳಭಾಗದಲ್ಲಿ ನೇಯ್ದ ಲೇಬಲ್ ಇರುತ್ತದೆ. ಯುದ್ಧಕಾಲದ ಎ-2 ಲೇಬಲ್ಲಿನಲ್ಲಿ ಮಾದರಿಯ ಹೆಸರು, ನಕ್ಷೆ ಸಂಖ್ಯೆ 30-1415, ಗುತ್ತಿಗೆಯ ಸಂಖ್ಯೆ, ತಯಾರಕರ ಹೆಸರು ಮತ್ತು ಇದು ಅಮೆರಿಕ ಸೇನೆಯ ವಾಯುಪಡೆಯ ಆಸ್ತಿ ಎಂಬ ಸಾಲು ಇರುತ್ತವೆ. ರಫ್ ವೇರ್, ಏರೋ ಲೆದರ್, ಪೆರ್ರಿ ಸ್ಪೋರ್ಟ್ಸ್‌ವೇರ್, ಡುಬೋ, ಸ್ಟಾರ್ ಸ್ಪೋರ್ಟ್ಸ್‌ವೇರ್, ಬ್ರಾಂಕೊ, ಕೇಬಲ್ ರೈನ್‌ಕೋಟ್ ಮುಂತಾದ ಅನೇಕ ಕಂಪನಿಗಳು ಇದನ್ನು ಹೊಲಿದವು. ಪ್ರತಿಯೊಂದಕ್ಕೂ ತನ್ನದೇ ಹೊಲಿಗೆಯ ಚಾಳಿ ಇತ್ತು: ಕಾಲರ್‌ನ ಮೊನೆ, ಜೇಬಿನ ಮುಚ್ಚಳದ ಬಾಗು, ಹೆಗಲಪಟ್ಟಿಯ ಹೊಲಿಗೆ ಒಂದೊಂದರದ್ದು ಒಂದೊಂದು ಬಗೆ. ಲೇಬಲ್ ಒಬ್ಬರದ್ದು, ಕಾಲರ್‌ನ ಆಕಾರ ಇನ್ನೊಬ್ಬರದ್ದು ಎಂದಾದರೆ ಲೇಬಲ್ ಬೇರೆ ಕಡೆಯಿಂದ ಬಂದಿದೆ ಎಂದೇ ತಿಳಿಯಿರಿ.

ಲೇಬಲ್ಲನ್ನೇ ನಂಬಬಾರದು ಏಕೆಂದರೆ ಇಂದು ಎ-2 ಜಾಕೆಟ್ಟನ್ನು ಮರುಸೃಷ್ಟಿಸುವ ಪ್ರಾಮಾಣಿಕ ಕಂಪನಿಗಳು ಬ್ರಿಟನ್, ಜಪಾನ್ ಮತ್ತು ಅಮೆರಿಕದಲ್ಲಿವೆ. ಅವರು ಹಳೆಯ ಗುತ್ತಿಗೆ ಸಂಖ್ಯೆಯ ಸಮೇತ ಲೇಬಲ್ಲನ್ನು ನೇಯಿಸುತ್ತಾರೆ ಮತ್ತು ಹೊಸದೆಂದು ಹೇಳಿಯೇ ಮಾರುತ್ತಾರೆ. ಅದರಲ್ಲಿ ತಪ್ಪಿಲ್ಲ. ಇಪ್ಪತ್ತು ವರ್ಷ ಯಾರೋ ತೊಟ್ಟು ಸವೆಸಿದ ಮೇಲೆ ಅದೇ ಜಾಕೆಟ್ ಮೂರನೆಯವರ ಕೈಯಲ್ಲಿ "1942ರದ್ದು" ಆಗಿಬಿಡುವುದೇ ತೊಂದರೆ. ಸ್ಕಾಟ್ಲೆಂಡಿನ ಒಂದು ಕಂಪನಿಯ ಹೆಸರೇ ಏರೋ ಲೆದರ್ ಎಂದಿರುವುದರಿಂದ ಹೊಸಬರಿಗೆ ಗೊಂದಲ ಹೆಚ್ಚು.

ಇನ್ನೊಂದು ಕಡೆ, ಲೇಬಲ್ ಇಲ್ಲ ಎಂಬ ಒಂದೇ ಕಾರಣಕ್ಕೆ ಜಾಕೆಟ್ಟನ್ನು ತಳ್ಳಿಹಾಕಬೇಡಿ. ಹಿರಿಯ ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಹೊಲಿಸಿಕೊಳ್ಳುತ್ತಿದ್ದುದೂ ಉಂಟು. ಅಂಥವುಗಳಲ್ಲಿ ಸರಕಾರಿ ಲೇಬಲ್ ಇರುವುದಿಲ್ಲ. ಆಗ ಉಳಿದ ಸಾಕ್ಷಿಗಳ ಮೇಲಿನ ಭಾರ ಹೆಚ್ಚುತ್ತದೆ, ಅಷ್ಟೆ.

ಹಂತ 3: ಜಿಪ್, ನೂಲು, ಚರ್ಮ

ಜಿಪ್ಪಿನ ಎಳೆಯುವ ತುದಿಯನ್ನು ಮಸೂರದಲ್ಲಿ ನೋಡಿ. ಯುದ್ಧಕಾಲದ ಅಮೆರಿಕದ ಜಾಕೆಟ್‌ಗಳಲ್ಲಿ ಟ್ಯಾಲನ್, ಕ್ರೌನ್, ಕಾನ್ಮಾರ್ ಹೆಸರುಗಳು ಸಿಗುತ್ತವೆ. ವೈಕೆಕೆ ಎಂದಿದ್ದರೆ ಒಂದೋ ಜಿಪ್ ಬದಲಾಗಿದೆ, ಇಲ್ಲವೇ ಜಾಕೆಟ್ಟೇ ಹೊಸದು. ಜಿಪ್ ಬದಲಾಯಿಸಿದ್ದು ಅಪರಾಧವಲ್ಲ, ಆದರೆ ಬೆಲೆ ಇಳಿಯಬೇಕು. ಹಳೆಯ ಜಿಪ್ಪಿನ ಹೊಲಿಗೆ ರಂಧ್ರಗಳು ಪಕ್ಕದಲ್ಲಿ ಕಾಣಿಸುತ್ತಿವೆಯೇ ನೋಡಿ. ವೆಲ್ಕ್ರೋ ಪಟ್ಟಿ ಎಲ್ಲಾದರೂ ಇದ್ದರೆ ಅದು 1950ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ.

ನಂತರ ಕೋಣೆಯನ್ನು ಕತ್ತಲು ಮಾಡಿ ಅತಿನೇರಳೆ ಟಾರ್ಚ್ ಹಾಯಿಸಿ. ಬಟ್ಟೆಯನ್ನು ಬೆಳ್ಳಗೆ ತೋರಿಸುವ ಹೊಳಪುಕಾರಕ ರಾಸಾಯನಿಕಗಳು ಯುದ್ಧಾನಂತರ ವ್ಯಾಪಕವಾದವು. ಅವುಗಳಿರುವ ನೂಲು ನೀಲಿ ಬಿಳುಪಾಗಿ ಬೆಳಗುತ್ತದೆ; ಹಳೆಯ ಹತ್ತಿ ನೂಲು ಮಂಕಾಗಿಯೇ ಉಳಿಯುತ್ತದೆ. ಈ ಪರೀಕ್ಷೆಗೂ ಮಿತಿ ಇದೆ. ಹಳೆಯ ಲಾಂಛನವನ್ನು ಇಂದಿನ ಸೋಪುಪುಡಿಯಲ್ಲಿ ತೊಳೆದಿದ್ದರೆ ಅದೂ ಬೆಳಗುತ್ತದೆ. ಆದ್ದರಿಂದ ಇಡೀ ಲಾಂಛನ ಬೆಳಗುವುದಕ್ಕಿಂತ, ಲಾಂಛನ ಮಂಕಾಗಿದ್ದು ಅದನ್ನು ಜಾಕೆಟ್‌ಗೆ ಹೊಲಿದ ನೂಲು ಮಾತ್ರ ಬೆಳಗುವುದನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ನೂಲು ಸುಟ್ಟು ನೋಡುವ ಪರೀಕ್ಷೆಯನ್ನು ಮಾತ್ರ ಮಾಡಬೇಡಿ, ಮಾರುವವರಿಗೂ ಮಾಡಲು ಬಿಡಬೇಡಿ.

ಚರ್ಮದ ಸವೆತಕ್ಕೆ ಒಂದು ತರ್ಕವಿರುತ್ತದೆ. ತೋಳಿನ ತುದಿ, ಜೇಬಿನ ಮುಚ್ಚಳದ ಅಂಚು, ಮೊಣಕೈ, ಕತ್ತಿನ ಎಣ್ಣೆ ಹತ್ತಿದ ಕಾಲರ್‌ನ ಒಳಮೈ: ಇವು ಮೊದಲು ಸವೆಯುತ್ತವೆ. ಬೆನ್ನಿನ ಮಧ್ಯಭಾಗವೂ ಕಂಕುಳೂ ಅಷ್ಟೇ ಸಮನಾಗಿ ಉಜ್ಜಿಹೋಗಿದ್ದರೆ ಅದು ಮರಳು ಕಾಗದದ ಕೆಲಸ. ಬಣ್ಣವನ್ನೂ ನೋಡಿ. ಹೊಲಿಗೆಯ ನೂಲಿಗೂ ಲೇಬಲ್ಲಿನ ಅಂಚಿಗೂ ಉಣ್ಣೆಯ ಹೆಣಿಗೆಗೂ ಚರ್ಮದ ಬಣ್ಣ ಮೆತ್ತಿಕೊಂಡಿದ್ದರೆ ಜಾಕೆಟ್‌ಗೆ ಆಮೇಲೆ ಬಣ್ಣ ಬಳಿದಿದ್ದಾರೆ.

ಹಂತ 4: ಹೆಗಲಪಟ್ಟಿಯ ರಂಧ್ರಗಳು

ಹಿರಿಯ ಅಧಿಕಾರಿಯ ಜಾಕೆಟ್ ಎಂದ ಮೇಲೆ ನೀವು ಅತಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ. ಅಮೆರಿಕದ ಪದವಿ ಲಾಂಛನಗಳು ನೆನಪಿರಲಿ: ಕರ್ನಲ್‌ಗೆ ರೆಕ್ಕೆ ಚಾಚಿದ ಹದ್ದು, ಬ್ರಿಗೇಡಿಯರ್ ಜನರಲ್‌ಗೆ ಒಂದು ನಕ್ಷತ್ರ, ಮೇಜರ್ ಜನರಲ್‌ಗೆ ಎರಡು, ಲೆಫ್ಟಿನೆಂಟ್ ಜನರಲ್‌ಗೆ ಮೂರು, ಜನರಲ್‌ಗೆ ನಾಲ್ಕು. ಐದು ನಕ್ಷತ್ರದ ಪದವಿ ಹುಟ್ಟಿದ್ದೇ 1944ರ ಡಿಸೆಂಬರ್‌ನಲ್ಲಿ.

ಲೋಹದ ಲಾಂಛನವನ್ನು ಚುಚ್ಚಿದಲ್ಲಿ ಚರ್ಮದಲ್ಲಿ ರಂಧ್ರ ಬೀಳುತ್ತದೆ. ಬಹುಕಾಲ ಅಲ್ಲೇ ಇದ್ದರೆ ಅದರ ಅಡಿಯ ಚರ್ಮಕ್ಕೆ ಬೆಳಕು ತಾಗದೆ ಬಣ್ಣ ಗಾಢವಾಗಿ ಉಳಿಯುತ್ತದೆ. ಹಿತ್ತಾಳೆ ಅಂಶವಿದ್ದರೆ ಹಸಿರು ಕಿಲುಬು ಚರ್ಮಕ್ಕೆ ಹತ್ತುತ್ತದೆ. ರಂಧ್ರದ ಅಂಚು ದುಂಡಾಗಿ, ನಯವಾಗಿ, ಕೊಳೆ ತುಂಬಿ ಇರುತ್ತದೆ. ಹೊಸದಾಗಿ ಚುಚ್ಚಿದ ರಂಧ್ರದ ಒಳಗೆ ತಿಳಿ ಬಣ್ಣದ ನಾರು ಕಾಣುತ್ತದೆ. ಮಸೂರದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇದಕ್ಕಿಂತ ಬೆಲೆಯುಳ್ಳ ಸಾಕ್ಷಿ ಇನ್ನೊಂದಿದೆ. ಯುದ್ಧಕಾಲದಲ್ಲಿ ಬಡ್ತಿಗಳು ಬೇಗ ಬೇಗ ಬರುತ್ತಿದ್ದವು. ಕರ್ನಲ್ ಆಗಿದ್ದಾಗ ಜಾಕೆಟ್ ಪಡೆದವರು ಅದೇ ಜಾಕೆಟ್‌ನಲ್ಲಿ ಬ್ರಿಗೇಡಿಯರ್ ಆದರೆ, ನಕ್ಷತ್ರದ ಸುತ್ತ ಹದ್ದಿನ ಪಿನ್ನುಗಳ ಹಳೆಯ ರಂಧ್ರಗಳು, ಕೆಲವೊಮ್ಮೆ ಚಾಚಿದ ರೆಕ್ಕೆಯ ಅಗಲದ ಮಸುಕು ನೆರಳು ಉಳಿದಿರುತ್ತವೆ. ಮೋಸಗಾರರು ನಕ್ಷತ್ರ ಚುಚ್ಚುತ್ತಾರೆ. ಅದರ ಹಿಂದಿನ ಪದವಿಯ ರಂಧ್ರಗಳನ್ನು ಸರಿಯಾದ ಅಂತರದಲ್ಲಿ ಮಾಡಿ, ಕೊಳೆ ತುಂಬಿಸಿ, ನೆರಳು ಮೂಡಿಸುವಷ್ಟು ತಾಳ್ಮೆ ಅವರಲ್ಲಿ ಕಡಿಮೆ. ಎರಡೂ ಹೆಗಲಪಟ್ಟಿಗಳನ್ನು ಟೇಪಿನಿಂದ ಅಳೆದು ಚಿತ್ರ ಬರೆದಿಟ್ಟುಕೊಳ್ಳಿ. ನಕ್ಷತ್ರದ ರಂಧ್ರಗಳು ಮಾತ್ರ ಇದ್ದರೆ ಅದೇ ಸುಳ್ಳಿಗೆ ಸಾಕ್ಷಿಯಲ್ಲ, ಬಡ್ತಿಯ ನಂತರ ಜಾಕೆಟ್ ಪಡೆದಿರಬಹುದು. ಬಡ್ತಿಯ ದಿನಾಂಕದೊಂದಿಗೆ ಅದು ಹೊಂದಬೇಕು.

ಹಂತ 5: ಪ್ಯಾಚ್‌ಗಳು

ಎದೆ ಮತ್ತು ಹೆಗಲಿನ ಪ್ಯಾಚ್‌ಗಳು, ಅಂದರೆ ದಳದ ಗುರುತಿನ ಪಟ್ಟಿಗಳು, ಬಿಡಿಯಾಗಿಯೂ ಮಾರಾಟವಾಗುವ ವಸ್ತುಗಳು. ಆದ್ದರಿಂದ ಪ್ಯಾಚ್ ಹಳೆಯದು ಎಂಬುದು ಸಾಲದು. ಈ ಜಾಕೆಟ್ ಮೇಲೆ ಹಳೆಯದೇ ಎಂದು ನೋಡಬೇಕು. ಅಂಚನ್ನು ಸ್ವಲ್ಪವೇ ಎತ್ತಿ ನೋಡಿದರೆ ಅಡಿಯ ಚರ್ಮ ಸುತ್ತಲಿನದಕ್ಕಿಂತ ಹೊಸತಾಗಿ ಕಾಣಬೇಕು. ಲೈನಿಂಗಿನ ಕಡೆಯಿಂದಲೂ ನೋಡಿ. ಹೊಲಿಗೆ ಲೈನಿಂಗ್ ದಾಟಿ ಬಂದಿದ್ದು, ಆ ಲೈನಿಂಗ್ ಆಮೇಲೆ ಬದಲಾಯಿಸಿದ್ದಾದರೆ, ಪ್ಯಾಚನ್ನು ಹೊಲಿದದ್ದು ಅದಕ್ಕೂ ಆಮೇಲೆ ಎಂಬುದರಲ್ಲಿ ಸಂಶಯವಿಲ್ಲ. ಅಂಚಿಗೆ ಹಗ್ಗದಂತೆ ದಪ್ಪ ಓವರ್‌ಲಾಕ್ ಹೊಲಿಗೆ ಇರುವ ಕಸೂತಿ ಪ್ಯಾಚ್‌ಗಳು ಅಮೆರಿಕದಲ್ಲಿ ರೂಢಿಗೆ ಬಂದದ್ದು 1960ರ ದಶಕದ ಹೊತ್ತಿಗೆ. ಎರಡನೇ ಮಹಾಯುದ್ಧದವುಗಳ ಅಂಚು ಕತ್ತರಿಸಿ ಬಿಟ್ಟಂತಿರುತ್ತದೆ.

ಇಲ್ಲಿ ನಮ್ಮ ದೇಶದ ಮಾತು ಬರುತ್ತದೆ. ಚೀನಾ–ಬರ್ಮಾ–ಭಾರತ ರಣರಂಗದಲ್ಲಿ ಕೆಲಸ ಮಾಡಿದ ಅಮೆರಿಕನ್ನರ ಪ್ಯಾಚ್‌ನಲ್ಲಿ ಕೆಳಗೆ ಕೆಂಪು ಬಿಳಿ ಪಟ್ಟೆಗಳು, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ ಇವೆ. ಇಂಥ ಪ್ಯಾಚ್‌ಗಳನ್ನು ಚರ್ಮದ ತುಂಡುಗಳಿಂದಲೂ ಜರಿ ಕಸೂತಿಯಿಂದಲೂ ಭಾರತದ ಕುಶಲಕರ್ಮಿಗಳು ಕೈಯಲ್ಲೇ ಮಾಡಿಕೊಡುತ್ತಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುದಳದ ಸುಪರ್ದಿಗೆ ಹೋಗಿ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು ಎಂಬುದನ್ನು ನೆನೆದರೆ, ಈ ಜಾಕೆಟ್‌ಗಳ ಕಥೆಯಲ್ಲಿ ನಮ್ಮ ಊರಿಗೂ ಜಾಗವಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಅದೇ ಕಾರಣಕ್ಕೆ ನಕಲು ಮಾಡುವುದೂ ಸುಲಭ: ಓರೆಕೋರೆ ಇದ್ದರೆ "ಸ್ಥಳೀಯ ಕೆಲಸ" ಎಂದು ಸಮರ್ಥಿಸಬಹುದು, ಜರಿ ಲಾಂಛನ ಮಾಡುವ ಕಾರ್ಯಾಗಾರಗಳು ಉಪಖಂಡದಲ್ಲಿ ಇಂದಿಗೂ ಇವೆ. ಜರಿ ಕಪ್ಪಾಗಿದೆಯೇ, ಹಿಂಬದಿಯ ಬಟ್ಟೆ ಹಳೆಯದೇ, ಹೊಲಿಗೆ ರಂಧ್ರ ಎಷ್ಟು ಸಲದ್ದು ಎಂಬುದರ ಮೇಲೆಯೇ ತೀರ್ಮಾನ ಮಾಡಿ.

ಕಾಲಾನುಕ್ರಮದ ಲೆಕ್ಕವನ್ನು ಮಾತ್ರ ಯಾವ ನಕಲುಗಾರನೂ ತಪ್ಪಿಸಿಕೊಳ್ಳಲಾರ. ಉದಾಹರಣೆಗೆ, ಚೀನಾದಲ್ಲಿ ಅಮೆರಿಕದ ವಾಯುದಳವನ್ನು ನಡೆಸಿದ ಕ್ಲೇರ್ ಶೆನಾಲ್ಟ್. ಅವರು ಬ್ರಿಗೇಡಿಯರ್ ಜನರಲ್ ಆದದ್ದು 1942ರ ಏಪ್ರಿಲ್‌ನಲ್ಲಿ. ಅವರ ಹದಿನಾಲ್ಕನೇ ವಾಯುಪಡೆ ರಚನೆಯಾದದ್ದು 1943ರ ಮಾರ್ಚ್ 10ರಂದು. ಮೇಜರ್ ಜನರಲ್ ಆದದ್ದು ಅದೇ ತಿಂಗಳಲ್ಲಿ. ಹಾಗಿರುವಾಗ ಹದಿನಾಲ್ಕನೇ ವಾಯುಪಡೆಯ ಪ್ಯಾಚ್ ಮತ್ತು ಹೆಗಲಿಗೆ ಒಂದೇ ನಕ್ಷತ್ರ ಇರುವ "ಶೆನಾಲ್ಟ್ ಜಾಕೆಟ್" ಯಾರಾದರೂ ತೋರಿಸಿದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಬೇಕು. ನಿಮ್ಮ ಮುಂದಿರುವ ಜಾಕೆಟ್‌ಗೂ ಹೀಗೆಯೇ ಒಂದು ಹಾಳೆಯಲ್ಲಿ ಬಡ್ತಿ, ದಳ, ಊರು, ಜಾಕೆಟ್ಟಿನ ಗುತ್ತಿಗೆ ವರ್ಷ ನಾಲ್ಕನ್ನೂ ಒಂದರ ಕೆಳಗೊಂದು ಬರೆಯಿರಿ.

ಹಂತ 6: ಹೆಸರು, ಸಂಖ್ಯೆ, ಕಡತ

ಅಮೆರಿಕದ ಸೇನೆಯಲ್ಲಿ ಬಟ್ಟೆಗಳ ಮೇಲೆ ಲಾಂಡ್ರಿ ಸಂಖ್ಯೆ ಹಾಕುವ ಪದ್ಧತಿ ಇತ್ತು: ಮನೆತನದ ಹೆಸರಿನ ಮೊದಲ ಅಕ್ಷರ, ಮುಂದೆ ಸೇನಾ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಂಕೆ. ಅಧಿಕಾರಿಗಳ ಕ್ರಮಸಂಖ್ಯೆ ಓ ಅಕ್ಷರದಿಂದ ಶುರುವಾಗುತ್ತದೆ. ಮೊದಲನೆಯದು, ಓ-1, ಜನರಲ್ ಪರ್ಶಿಂಗ್ ಅವರದು. ಮೆಕಾರ್ಥರ್ ಅವರದು ಓ-57, ಐಸೆನ್‌ಹೋವರ್ ಅವರದು ಓ-3822. ಯುದ್ಧಕಾಲದಲ್ಲಿ ಜನರಲ್ ಆಗಿದ್ದವರು ಬಹುಪಾಲು ಹಳೆಯ ಕಾಯಂ ಸೇನೆಯವರಾದ್ದರಿಂದ ಅವರ ಸಂಖ್ಯೆ ಚಿಕ್ಕದು. ಯುದ್ಧಕ್ಕೆಂದು ಸೇರಿದ ಕಿರಿಯ ಅಧಿಕಾರಿಗಳದ್ದು ಉದ್ದ. ಲೈನಿಂಗಿನಲ್ಲಿ, ಲೇಬಲ್ಲಿನ ಹತ್ತಿರ, ತೋಳಿನ ಒಳಗೆ ಮಸುಕಾದ ಶಾಯಿಯನ್ನು ಹುಡುಕಿ. ಬರಿಗಣ್ಣಿಗೆ ಕಾಣದ್ದು ಅತಿನೇರಳೆ ಬೆಳಕಿನಲ್ಲಿ ಕಾಣಬಹುದು.

ಆದರೆ ಐಸೆನ್‌ಹೋವರ್ ಅವರ ಸಂಖ್ಯೆ ನನಗೆ ಗೊತ್ತಿದ್ದರೆ ನಕಲುಗಾರನಿಗೂ ಗೊತ್ತು. ಪ್ರಸಿದ್ಧರ ಹೆಸರು, ಸಂಖ್ಯೆ, ಚಿತ್ರ ಎಲ್ಲವೂ ಕೈಗೆಟಕುವಂಥವು, ಆದ್ದರಿಂದ ಅವುಗಳಿಗೆ ಸಾಕ್ಷ್ಯಬಲ ಕಡಿಮೆ. ಯಾರೂ ಕೇಳಿರದ ಬ್ರಿಗೇಡಿಯರ್ ಒಬ್ಬರ ಸಂಖ್ಯೆ ಲೈನಿಂಗಿನ ಮಡಿಕೆಯಲ್ಲಿ ಸಿಕ್ಕಿ, ಅದು ಕಡತದೊಂದಿಗೆ ತಾಳೆಯಾದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಅಪರೂಪ. ಹೊಸ ಸಂಗ್ರಾಹಕರಿಗೆ ನನ್ನ ಸಲಹೆಯೂ ಇದೇ: ದೊಡ್ಡ ಹೆಸರಿನ ಬೆನ್ನು ಹತ್ತಬೇಡಿ. ಸರಬರಾಜು ದಳ, ತರಬೇತಿ ಕೇಂದ್ರ, ದುರಸ್ತಿ ಡಿಪೊ ನಡೆಸಿದ ಜನರಲ್‌ಗಳ ಜಾಕೆಟ್ ಹುಡುಕಿ. ಬೆಲೆ ಕಡಿಮೆ, ಸತ್ಯ ಸಿಗುವ ಸಾಧ್ಯತೆ ಹೆಚ್ಚು, ಮತ್ತು ಮರೆತುಹೋದ ಒಬ್ಬರ ಸೇವೆಯನ್ನು ನೀವೇ ಮೊದಲ ಬಾರಿಗೆ ಓದುವ ಸಂತೋಷ ಬೇರೆ.

ಕಡತ ಎಲ್ಲಿ ಸಿಗುತ್ತದೆ? ಅಮೆರಿಕದ ಸೇನಾ ಸಿಬ್ಬಂದಿಯ ಕಡತಗಳು ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿವೆ. ಸೇವೆಯಿಂದ ಹೊರಬಂದು 62 ವರ್ಷ ಕಳೆದ ಕಡತಗಳು ಸಾರ್ವಜನಿಕರಿಗೆ ಮುಕ್ತ; ಶುಲ್ಕ ಕೊಟ್ಟು ಪ್ರತಿ ಪಡೆಯಬಹುದು. ಇಲ್ಲೊಂದು ದೊಡ್ಡ ಅಡ್ಡಿಯಿದೆ. 1973ರ ಜುಲೈ 12ರಂದು ಆ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಸೇವೆ ಬಿಟ್ಟ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80ರಷ್ಟು ನಾಶವಾದವು. ವಾಯುಪಡೆಯ ಕಡತಗಳ ಒಂದು ಭಾಗವೂ ಹೋಯಿತು, ನೌಕಾಪಡೆಯವು ಉಳಿದವು. "ಕಡತ ಸುಟ್ಟುಹೋಗಿದೆ, ಆದ್ದರಿಂದ ಪುರಾವೆ ಇಲ್ಲ" ಎಂಬ ಮಾತನ್ನು ಮಾರುವವರು ಬಳಸುವುದುಂಟು. ಅದನ್ನು ಅಲ್ಲಿಗೇ ಒಪ್ಪಿಕೊಳ್ಳಬೇಡಿ. ಹಿರಿಯ ಅಧಿಕಾರಿಗಳ ಹೆಸರು ಬೇರೆ ಕಡೆಯೂ ಇದೆ: ಸೇನೆ ಅಚ್ಚು ಮಾಡಿಸುತ್ತಿದ್ದ ಅಧಿಕಾರಿಗಳ ವಾರ್ಷಿಕ ಪಟ್ಟಿ, ವಾಯುಪಡೆಯ ಜನರಲ್‌ಗಳ ಅಧಿಕೃತ ಜೀವನ ವಿವರಗಳು, ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಪಡೆಯ ಇತಿಹಾಸ ಸಂಶೋಧನಾ ಸಂಸ್ಥೆಯ ದಳವಾರು ದಾಖಲೆಗಳು.

ಹಂತ 7: ಫೋಟೊದೊಂದಿಗೆ ತಾಳೆ

ಅಧಿಕಾರಿಯ ಕಾಲದ ಫೋಟೊ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಆದರೆ ಅರ್ಧ ಮಾತ್ರ. ಅಮೆರಿಕದ ರಾಷ್ಟ್ರೀಯ ದಾಖಲೆಗಾರದ ಕಾಲೇಜ್ ಪಾರ್ಕ್ ಶಾಖೆಯಲ್ಲಿ ಯುದ್ಧಕಾಲದ ಫೋಟೊಗಳ ಅಗಾಧ ಸಂಗ್ರಹವಿದೆ. "ಇವರು ಎ-2 ತೊಟ್ಟ ಫೋಟೊ ಇದೆ" ಎಂಬುದರಿಂದ ಇವರ ಬಳಿ ಒಂದು ಎ-2 ಇತ್ತು ಎಂದಷ್ಟೇ ತಿಳಿಯುತ್ತದೆ. ಮೆಕಾರ್ಥರ್ ವೈಮಾನಿಕರಲ್ಲ, ಆದರೂ ಎ-2 ತೊಟ್ಟ ಅವರ ಫೋಟೊಗಳು ಜಗತ್ಪ್ರಸಿದ್ಧ. ಅದನ್ನು ನೋಡಿ ಯಾವ ಎ-2 ಆದರೂ ಅವರದ್ದಾಗುವುದಿಲ್ಲ.

ತಾಳೆ ನೋಡಬೇಕಾದದ್ದು ಚರ್ಮದ ಗುರುತುಗಳನ್ನು. ಚರ್ಮದ ಸುಕ್ಕು, ಪ್ರಾಣಿಯ ಮೈಮೇಲಿದ್ದ ಗಾಯದ ಗೆರೆ, ಜೇಬಿನ ಮುಚ್ಚಳ ಎತ್ತಿಕೊಂಡಿರುವ ರೀತಿ, ಹೆಸರುಪಟ್ಟಿ ಎಷ್ಟು ಓರೆಯಾಗಿ ಹೊಲಿದಿದೆ, ಅದರ ಕೆಳ ಅಂಚಿನಿಂದ ಜೇಬಿನವರೆಗಿನ ಅಂತರ. ಇಂಥ ಮೂರ್ನಾಲ್ಕು ಗುರುತು ಒಟ್ಟಿಗೆ ಕೂಡಿಬಂದರೆ ಸಂಶಯಕ್ಕೆ ಎಡೆ ಕಡಿಮೆ. ಹೆಚ್ಚು ಸ್ಪಷ್ಟತೆಯ ಸ್ಕ್ಯಾನ್ ಪ್ರತಿಯನ್ನೇ ಬಳಸಿ, ಜಾಕೆಟ್ಟನ್ನು ಅದೇ ಕೋನದಿಂದ ಫೋಟೊ ತೆಗೆದು ಪಕ್ಕದಲ್ಲಿಡಿ. ಫೋಟೊ ಕನ್ನಡಿ ಬಿಂಬದಂತೆ ತಿರುಗಿ ಅಚ್ಚಾಗಿರಲೂಬಹುದು. ವೈಮಾನಿಕನ ರೆಕ್ಕೆ ಲಾಂಛನ ಎಡ ಎದೆಯಲ್ಲಿರಬೇಕು, ಬಲಕ್ಕಿದ್ದರೆ ಚಿತ್ರ ತಿರುಗಿದೆ.

ಹಂತ 8: ಕೈ ಬದಲಾದ ದಾರಿ

ವಸ್ತು ಮೂಲ ಮಾಲೀಕರಿಂದ ಇಂದಿನವರೆಗೆ ಯಾರು ಯಾರ ಕೈ ದಾಟಿ ಬಂತು ಎಂಬ ದಾಖಲೆಗೆ ಸಂಗ್ರಾಹಕರು ಪ್ರೊವೆನನ್ಸ್ ಎನ್ನುತ್ತಾರೆ. ಜಮೀನು ಕೊಳ್ಳುವಾಗ ಮೂಲಪತ್ರ ನೋಡುವಷ್ಟೇ ಕಟ್ಟುನಿಟ್ಟಾಗಿ ಇದನ್ನು ನೋಡಿ. ಕುಟುಂಬದವರು ಸಹಿ ಹಾಕಿದ ಪತ್ರ, ಮನೆ ಖಾಲಿ ಮಾಡಿದಾಗಿನ ಹರಾಜಿನ ರಸೀದಿ, ಅದೇ ಪೆಟ್ಟಿಗೆಯಲ್ಲಿ ಸಿಕ್ಕ ಪತ್ರ, ಟೋಪಿ, ಗುರುತಿನ ಚೀಟಿ ಇವುಗಳಿಗೆ ಬೆಲೆಯಿದೆ. ಮಾರುವವರೇ ಬರೆದುಕೊಟ್ಟ "ಅಸಲಿತನದ ಪ್ರಮಾಣಪತ್ರ"ಕ್ಕೆ, ಏಕೆ ಅಸಲಿ ಎಂಬ ಕಾರಣ ಅದರಲ್ಲಿ ಬರೆದಿಲ್ಲದಿದ್ದರೆ, ಕಾಗದದ ಬೆಲೆಯೂ ಇಲ್ಲ.

ಹರಾಜಿನ ವಿವರಣೆಯ ಒಂದೊಂದು ಪದವನ್ನೂ ಗಮನಿಸಿ. "ಇವರು ತೊಟ್ಟಿದ್ದು" ಎಂಬುದು ಒಂದು ಭರವಸೆ. "ಇವರದ್ದೆಂದು ಹೇಳಲಾಗಿದೆ", "ಕುಟುಂಬದ ನಂಬಿಕೆಯಂತೆ", "ಇವರು ಬಳಸಿದಂಥ" ಎಂಬುವು ಭರವಸೆಗಳಲ್ಲ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಖರೀದಿದಾರರಿಂದ ಪಡೆಯುವ ಹೆಚ್ಚುವರಿ ಶುಲ್ಕವೂ ಇರುತ್ತದೆ. ಹಲವು ಕಡೆ ಅದು ಐದನೇ ಒಂದು ಭಾಗವನ್ನು ಮೀರುತ್ತದೆ. ಮೊದಲೇ ಲೆಕ್ಕ ಹಾಕಿ. ನೇರವಾಗಿ ನೋಡಲಾಗದಿದ್ದರೆ ಲೇಬಲ್, ಜಿಪ್ಪಿನ ತುದಿ, ಎರಡೂ ಹೆಗಲಪಟ್ಟಿಗಳ ಮೇಲ್ಮೈ ಮತ್ತು ಅಡಿ, ಪ್ಯಾಚ್‌ಗಳ ಹಿಂಬದಿಯ ಲೈನಿಂಗ್, ಅತಿನೇರಳೆ ಬೆಳಕಿನ ಚಿತ್ರ ಇಷ್ಟನ್ನು ಕೇಳಿ ಪಡೆಯಿರಿ. ವಾಪಸಾತಿಯ ಷರತ್ತು ಬರಹದಲ್ಲಿರಲಿ. ಹೆಗಲಪಟ್ಟಿಯ ಅಡಿಯ ಚಿತ್ರ ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.

ಕೊಡಗಿನ ಓದುಗರು ಮನೆಯ ಹಿರಿಯರ ಸೇನಾ ಉಡುಪಿನ ಬಗ್ಗೆಯೂ ಕೇಳುತ್ತಾರೆ. ಅಂಥ ವಸ್ತು ನಿಮ್ಮ ಮನೆಯಲ್ಲೇ ಇದ್ದರೆ ಮಾರುವ ಯೋಚನೆಗೆ ಮುನ್ನ ಮನೆಯ ಹಿರಿಯರೊಬ್ಬರಿಂದ ಅದರ ವಿವರ ಬರೆಸಿ, ದಿನಾಂಕ ಹಾಕಿಸಿ, ಸಹಿ ಮಾಡಿಸಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ 'ಸನ್ನಿ ಸೈಡ್' ಮನೆಯನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. ವಸ್ತುವಿನೊಂದಿಗೆ ಅದರ ವಿವರವೂ ಉಳಿದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ನೋಡಬಹುದು.

ಹಂತ 9: ಭಾರತಕ್ಕೆ ತರಿಸುವುದಾದರೆ

ಬಳಸಿದ ಬಟ್ಟೆಗಳ ಆಮದು ಭಾರತದಲ್ಲಿ ನಿರ್ಬಂಧಿತ ವರ್ಗದಲ್ಲಿದೆ. ಐತಿಹಾಸಿಕ ಮಹತ್ವದ ಸಂಗ್ರಾಹ್ಯ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ ಬೇರೆ ಶೀರ್ಷಿಕೆ ಇದೆ, ಆದರೆ ನಿಮ್ಮ ಜಾಕೆಟ್ ಯಾವುದಕ್ಕೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವವರು ಕಸ್ಟಮ್ಸ್ ಅಧಿಕಾರಿಗಳು. ಹಣ ಕಳುಹಿಸುವ ಮುನ್ನವೇ ಕಸ್ಟಮ್ಸ್ ಏಜೆಂಟರೊಬ್ಬರನ್ನು ಕೇಳಿ. ಮಾರುವವರು "ಉಡುಗೊರೆ ಎಂದು ಬರೆದು ಕಳುಹಿಸುತ್ತೇನೆ" ಎಂದರೆ ಒಪ್ಪಬೇಡಿ. ಅದು ಸುಳ್ಳು ಘೋಷಣೆ. ಪೆಟ್ಟಿಗೆ ಕಳೆದರೆ ವಿಮೆಯೂ ಸಿಗುವುದಿಲ್ಲ.

ಭಾರತೀಯ ಸೇನೆಯ ಉಡುಪನ್ನು ಸಂಗ್ರಹಿಸುವವರು ಇನ್ನೊಂದನ್ನು ತಿಳಿದಿರಬೇಕು. ತಾನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನಲ್ಲದವನು ಅಂಥ ಉಡುಪು ಅಥವಾ ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಕಪಾಟಿನಲ್ಲಿಡಿ, ತೊಟ್ಟು ಬೀದಿಗೆ ಹೋಗಬೇಡಿ.

ಹಂತ 10: ಮನೆಗೆ ತಂದ ಮೇಲೆ

ಮೊದಲ ದಿನವೇ ಎಣ್ಣೆ ಹಚ್ಚಬೇಕೆನ್ನಿಸುತ್ತದೆ. ಹಚ್ಚಬೇಡಿ. ಶೂ ಪಾಲಿಶ್, ಕೊಬ್ಬಿನ ಎಣ್ಣೆ, ಅಂಗಡಿಯ ಲೆದರ್ ಕ್ರೀಮ್ ಯಾವುದೂ ಬೇಡ. ಎಣ್ಣೆ ಹಳೆಯ ಹತ್ತಿ ನೂಲಿಗೆ ಇಳಿದು ಅದನ್ನು ಕೊಳೆಸುತ್ತದೆ, ಬಣ್ಣ ಕಪ್ಪಾಗಿಸುತ್ತದೆ, ನೀವು ಕಷ್ಟಪಟ್ಟು ನೋಡಿದ ನಕ್ಷತ್ರದ ನೆರಳನ್ನೂ ಅಳಿಸಿಬಿಡುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಮುಟ್ಟಿದರೆ ಕೆಂಪು ಪುಡಿ ಉದುರುತ್ತಿದ್ದರೆ ಅದು ಚರ್ಮಕ್ಕೆ ಬರುವ ರಾಸಾಯನಿಕ ರೋಗ, ಸಂಗ್ರಾಹಕರ ಮಾತಿನಲ್ಲಿ ರೆಡ್ ರಾಟ್. ಅದಕ್ಕೆ ಮನೆಮದ್ದಿಲ್ಲ, ಸಂರಕ್ಷಣಾ ತಜ್ಞರಿಗೇ ತೋರಿಸಿ. ತೊಟ್ಟು ನೋಡುವ ಆಸೆಯನ್ನೂ ತಡೆಯಿರಿ. ಎಂಬತ್ತು ವರ್ಷದ ನೂಲು ಮೊದಲು ಬಿಡುವುದು ತೋಳು ಸೇರುವ ಹೊಲಿಗೆಯಲ್ಲಿ.

ತಂತಿಯ ಹ್ಯಾಂಗರ್ ಹೆಗಲನ್ನು ಹಾಳುಮಾಡುತ್ತದೆ. ಅಗಲವಾದ, ಹತ್ತಿ ಸುತ್ತಿದ ಹ್ಯಾಂಗರ್ ಬಳಸಿ, ಇಲ್ಲವೇ ತೋಳಿನೊಳಗೆ ಆಮ್ಲರಹಿತ ಕಾಗದ ತುಂಬಿ ಪೆಟ್ಟಿಗೆಯಲ್ಲಿ ಅಡ್ಡಲಾಗಿ ಮಲಗಿಸಿ. ಪ್ಲಾಸ್ಟಿಕ್ ಚೀಲ ಬೇಡ. ಗಾಳಿಯ ತೇವಾಂಶ ಶೇ. 45ರಿಂದ 55ರೊಳಗಿರಬೇಕು. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಇದು ಕಷ್ಟವಲ್ಲ, ಮಳೆಗಾಲದಲ್ಲಿ ಅಲ್ಲೂ ತೇವಾಂಶ ಇದನ್ನು ಮೀರುತ್ತದೆ. ಮಂಗಳೂರು, ಕಾರವಾರ, ಮಡಿಕೇರಿಯವರಿಗೆ ಮಳೆಗಾಲದ ಮೂರ್ನಾಲ್ಕು ತಿಂಗಳು ನಿಜವಾದ ಪರೀಕ್ಷೆ: ತೇವಾಂಶ ಅಳೆಯುವ ಪುಟ್ಟ ಮಾಪಕವನ್ನು ಪೆಟ್ಟಿಗೆಯೊಳಗೇ ಇಡಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಣಗಿಸಿ ಬದಲಾಯಿಸುತ್ತಿರಿ, ವಾರಕ್ಕೊಮ್ಮೆ ತೆರೆದು ಕಾಲರ್‌ನ ಅಡಿ ಮತ್ತು ಕಂಕುಳಿನಲ್ಲಿ ಬೂಷ್ಟು ಬಂದಿದೆಯೇ ನೋಡಿ. ಉಣ್ಣೆಯ ಕಫ್‌ಗಳಲ್ಲಿ ನುಸಿ ಹುಳು ಮೊಟ್ಟೆಯಿಡುತ್ತದೆ. ಅಲ್ಲಿ ಸಣ್ಣ ತೂತು ಕಂಡರೆ ಆ ಜಾಕೆಟ್ಟನ್ನು ಉಳಿದ ಸಂಗ್ರಹದಿಂದ ಅಂದೇ ಬೇರೆ ಮಾಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೂ ಹಾಕಬೇಡಿ. ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಬಣ್ಣದಲ್ಲಿ ಬರೆದ ಚಿತ್ರವಿರುವ ಬೆನ್ನಿನ ಮೇಲೆ ಮಾತ್ರ ಬ್ರಷ್ಷನ್ನೂ ಆಡಿಸಬೇಡಿ, ತಜ್ಞರು ಬರುವವರೆಗೆ ಹಾಗೇ ಬಿಡಿ.